ತಾಳಮದ್ದಳೆಗೆ ವೈಫೈ ಕಟ್ಟಿದ್ದು

ಹೊಸ ತಲೆಮಾರಿನ ವೈಫೈ ಪೆಟ್ಟಿಗೆ ಪುತ್ತೂರಿನ ನನ್ನ ಅಂಗಡಿಗೆ ಬಂದಾಗಲೆಲ್ಲ ನಾನು ಮೊದಲು ಓದುವುದು ಅದರ ಮೇಲೆ ಅಚ್ಚಾದ ವೇಗವನ್ನು. ಓದಿದರೆ ನಗು ಬರುತ್ತದೆ. ಆ ವೇಗವನ್ನು ಅಳೆದ ಕೋಣೆಯಲ್ಲಿ ಅಡ್ಡಗೋಡೆ ಇರುವುದಿಲ್ಲ, ಕಪಾಟು ಇರುವುದಿಲ್ಲ, ಮನುಷ್ಯರಂತೂ ಇರುವುದೇ ಇಲ್ಲ. ನಮ್ಮಲ್ಲಿ ಎರಡು ಕೆಂಪುಕಲ್ಲಿನ ಗೋಡೆ ದಾಟುವಷ್ಟರಲ್ಲಿ ಅದರ ಜೀವ ಅರ್ಧ ಹೋಗಿರುತ್ತದೆ. ಹಾಗಾದರೆ ನಿಜವಾದ ಪರೀಕ್ಷೆ ಯಾವುದು? ಈ ಪ್ರಶ್ನೆ ತಲೆಗೆ ಹೊಕ್ಕರೆ ನನಗೆ ಊಟ ರುಚಿಸುವುದಿಲ್ಲ. ಗಿರಾಕಿಗಳ ಮನೆಯಲ್ಲಿ ಫೋನು ಹಿಡಿದು ಬಚ್ಚಲಿನವರೆಗೂ ನಡೆದು ಅಳೆಯುತ್ತೇನೆ. ಇದೊಂದು ಕಾಯಿಲೆ ಎಂದು ನನ್ನ ಹೆಂಡತಿಯ ಅಭಿಪ್ರಾಯ.

ಆಲಂಕಾರಿನಲ್ಲಿರುವ ನನ್ನ ಸೋದರಮಾವ ತಾಳಮದ್ದಳೆಯ ಅರ್ಥಧಾರಿ. ಯಕ್ಷಗಾನದ ವೇಷವಿಲ್ಲದೆ ಕುಳಿತು, ಭಾಗವತರು ಹಾಡಿದ ಪದ್ಯ ಮುಗಿದ ಕೂಡಲೇ ಪಾತ್ರವಾಗಿ ಮಾತಾಡಬೇಕು; ಎದುರಿನವರ ಮಾತಿಗೆ ಅಲ್ಲೇ ತಿರುಗೇಟು ಕೊಡಬೇಕು. ಅಂಗಳದಲ್ಲಿ ಜಾರಿ ಸೊಂಟ ಮುರಿದ ಮೇಲೆ ಮಾವ ಯಾವ ಕೂಟಕ್ಕೂ ಹೋಗಿರಲಿಲ್ಲ. ಸವಣೂರಿನ ಹಾಲ್‌ನಲ್ಲಿ ಸಂಬಂಧಿಕರ ಮದುವೆ, ಊಟದ ನಂತರ ತಾಳಮದ್ದಳೆ ಎಂದಾಗ, ಮಾವ ಮನೆಯಿಂದಲೇ ವಿಡಿಯೋದಲ್ಲಿ ಅರ್ಥ ಹೇಳಲಿ ಎಂದು ನಾನು ಬಾಯಿ ಹಾಕಿದೆ.

"ಆಗುದಿದ್ರೆ ಮಾತ್ರ ಹೇಳು. ನನ್ನ ಉತ್ತರ ತಡ ಆದ್ರೆ ಸೋತ ಹಾಗೇ. ಮುದುಕನಿಗೆ ಮರ್ತು ಹೋಯ್ತು ಹೇಳ್ತಾರೆ ಜನ," ಎಂದರು ಮಾವ. ನನಗೆ ಸಂಕಟವಾಯಿತು.

ಇಲ್ಲಿ ಬರೀ ವೇಗ ಸಾಲದು. ಮಾತು ಹೋಗಿ ಬರುವ ಹೊತ್ತು ಒಂದೇ ಸಮ ಇರಬೇಕು. ಹಾಲ್‌ನ ಹಿಂಭಾಗದ ಆಫೀಸಿನ ಕಿಟಕಿಯಲ್ಲಿ ಪೆಟ್ಟಿಗೆ, ಎದುರಿನ ತಗ್ಗು ವೇದಿಕೆಯಲ್ಲಿ ಲ್ಯಾಪ್‌ಟಾಪು, ನಡುವೆ ಜನ. ಮನುಷ್ಯನ ಮೈಯೆಂದರೆ ಬಹುಪಾಲು ನೀರು, ನೀರು ಈ ಅಲೆಗಳನ್ನು ಹೀರಿಬಿಡುತ್ತದೆ. ಖಾಲಿ ಹಾಲ್‌ನಲ್ಲಿ ಪರೀಕ್ಷೆ ಮಾಡಿ ಏನು ಪ್ರಯೋಜನ? ನಮ್ಮ ಕಡೆ ಮದುವೆಯ ಹಿಂದಿನ ಸಂಜೆ ನೆರೆಕರೆಯವರು ಸೇರಿ ಅಡುಗೆಯ ತರಕಾರಿ ಕೊರೆದುಕೊಡುವ ಕ್ರಮವಿದೆ. ಅಡುಗೆಮನೆಯ ಹಿಂದೆ ಕೂರುವವರನ್ನು ಕಾಡಿ ಬೇಡಿ ಹಾಲ್‌ನೊಳಗೇ ಕರೆತಂದೆ.

"ಎಂತ ಮಾರಾಯ್ರೆ, ನಾವು ಸೌತೆ ಕೊರೆದ್ರೆ ನಿಮ್ಮ ವೈಫೈ ಜೋರಾಗ್ತದಾ?" ಎಂದು ಮೆಟ್ಟುಕತ್ತಿಯ ಮಣೆಯ ಮೇಲೆ ಕೂತಿದ್ದ ಅತ್ತೆಯೊಬ್ಬರು ಕೇಳಿದರು.

"ಸೌತೆ ಅಲ್ಲ ಅತ್ತೆ, ನೀವೇ ಬೇಕಾದ್ದು," ಎಂದೆ. ಹಾಲ್ ತುಂಬ ನಗು. ಆಲಂಕಾರಿನಿಂದ ಪರದೆಯಲ್ಲಿ ಮಾವನೂ ನಕ್ಕರು, ತಕ್ಷಣವೇ. ನಾನು ಬೀಗಿದೆ. ಒಂದು ವೈರ್ ಎಳೆದಿಟ್ಟರಾಗದೇ ಎಂದ ಅಡುಗೆಯವರ ಮೇಲೆ ರೇಗಿದೆ ಕೂಡ.

ಮರುದಿನ ಪದ್ಯ ಮುಗಿಯಿತು, ಎದುರಿನ ಅರ್ಥಧಾರಿ ಪ್ರಶ್ನೆ ಎಸೆದರು, ಪರದೆಯ ಮೇಲೆ ಮಾವ ಬಾಯಿ ಅರ್ಧ ತೆರೆದು ನಿಂತುಬಿಟ್ಟರು. ಸಭೆಯಲ್ಲಿ ಗುಸುಗುಸು. "ಪಾಪ, ಪ್ರಾಯ ಆಯ್ತಲ್ಲ," ಎಂದು ಯಾರೋ ಅಂದದ್ದು ಕೇಳಿ ನನಗೆ ಮೈಯೆಲ್ಲ ಉರಿಯಿತು. ಬೇರೆ ಯಾರಿಗೂ ಪಾಸ್‌ವರ್ಡ್ ಕೊಟ್ಟಿರಲಿಲ್ಲ. ಪೆಟ್ಟಿಗೆ ಅದೇ, ಜಾಗ ಅದೇ. ಜನವೂ ಹೆಚ್ಚುಕಡಿಮೆ ಅವರೇ. ನಿನ್ನೆಯ ಅತ್ತೆ ಪಟ್ಟೆ ಸೀರೆಯುಟ್ಟು ನಡುವಿನ ಸಾಲಿನ ಕುರ್ಚಿಯಲ್ಲಿ ಕುಳಿತಿದ್ದರು.

ಕುರ್ಚಿ! ನಿನ್ನೆ ಎಲ್ಲರೂ ನೆಲದಲ್ಲಿದ್ದರು, ಅಲೆಗಳು ಅವರ ತಲೆಯ ಮೇಲಿಂದ ಹಾಯಾಗಿ ದಾಟಿದ್ದವು. ಇವತ್ತು ಸಾಲುಸಾಲು ತಲೆಗಳು ಅಡ್ಡ.

ಮೈಕ್ ಕಸಿದುಕೊಂಡು, "ಎಲ್ಲರೂ ಕೆಳಗೆ ಕೂತ್ಕೊಳ್ಳಿ" ಎಂದೆ. ಕುಡಿದಿದ್ದಾನೋ ಎಂಬಂತೆ ನೋಡಿದರು. "ಮಾವನಿಗೆ ಉತ್ತರ ಗೊತ್ತುಂಟು. ನಿಮ್ಮ ತಲೆಗಳೇ ಅದನ್ನು ತಡೀತಾ ಉಂಟು!" ಎಂದು ಕೂಗಿದೆ. ಮೊದಲು ಸೀರೆ ಎತ್ತಿಕಟ್ಟಿ ನೆಲಕ್ಕೆ ಕೂತವರು ಅತ್ತೆ. ಆಮೇಲೆ ಗೊಣಗುತ್ತ ಉಳಿದವರು. ಮಂಡಿನೋವಿನವರು ಗೋಡೆಯ ಬದಿಗೆ ಸರಿದರು. ಮಾವನ ಸ್ವರ ವಾಕ್ಯದ ನಡುವಿನಿಂದ ಸಿಡಿದು ಬಂತು. ಎದುರಿನವರು ಎಳ್ಳಷ್ಟೂ ಕನಿಕರ ತೋರಿಸದೆ ಮೇಲೆ ಬಿದ್ದರು. ಇಬ್ಬರೂ ಸಂಜೆಯವರೆಗೆ ಜಗಳಾಡಿದರು.

ಮರುದಿನ, ಮಾವನ ಮನೆಯಲ್ಲಿ ಜೋಡಿಸಿಟ್ಟಿದ್ದ ನನ್ನ ಸಾಮಾನು ತರಲು ಆಲಂಕಾರಿಗೆ ಹೋದೆ. ಮಾವನ ಮುಖದಲ್ಲಿ ಏನೋ ಕಳೆ.

"ಅವ ನನ್ನನ್ನು ಎಂತೆಲ್ಲ ಹೇಳಿದ ನೋಡಿದ್ಯಾ? ಬಿದ್ದ ಮೇಲೆ ನಾನು ಎಂತ ಹೇಳಿದ್ರೂ ಎಲ್ಲರೂ ಹೌದು ಹೌದು ಹೇಳುದು ಮಾರಾಯ. ನನಗೆ ಎದುರು ಮಾತಾಡಿದ್ದು ಅವ ಒಬ್ಬನೇ," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಕಡೆಗೆ ನಾನು ಕೊಟ್ಟ ಉತ್ತರ ಸರಿ ಇತ್ತಲ್ಲ?" ಎಂದು ಕೇಳಿದರು.

ಹೌದು ಎನ್ನಲು ಹೊರಟ ನಾಲಗೆಯನ್ನು ತಡೆದೆ. "ಇಲ್ಲ ಮಾವ, ಅಲ್ಲಿ ನೀವು ಹೇಳಿದ್ದೇ ತಪ್ಪು."

ದಿಂಬಿಗೆ ಒರಗಿದ್ದವರು ಮಂಚದ ಅಂಚು ಹಿಡಿದು ನೆಟ್ಟಗೆ ಕುಳಿತರು. "ತಪ್ಪಾ? ಎಂತ ತಪ್ಪು? ಕೂತ್ಕೋ, ಹೇಳು," ಎಂದರು.