ಕೆಂದೆತ್ತಿನ ಬೆನ್ನಿನ ಹೊಳಪು

ಮೂವತ್ತು ವರ್ಷಕ್ಕೂ ಮೇಲೆ ಡ್ರಾಯಿಂಗ್ ಮಾಸ್ತರಿಕೆ ಮಾಡಿದವನಿಗೆ ಕೆಂಪು ಬಣ್ಣ ಗೊತ್ತಿರುತ್ತದೆ ಎಂಬುದು ನಮ್ಮ ಊರಿನವರ ನಂಬಿಕೆ. ನನ್ನ ನಂಬಿಕೆಯೂ ಅದೇ ಆಗಿತ್ತು. ಶಾಲೆಯ ಗೋಡೆಯ ನಕಾಶೆಗೆ ಹಚ್ಚಿದ ಕೆಂಪು, ಗಣಪತಿಯ ಶಲ್ಯಕ್ಕೆ ಹಚ್ಚಿದ ಕೆಂಪು, ಪಂಚಾಯಿತಿ ಚುನಾವಣೆಯಲ್ಲಿ ಎದುರಾಳಿಗಳಿಬ್ಬರಿಗೂ ಒಂದೇ ಡಬ್ಬಿಯಿಂದ ಬರೆದುಕೊಟ್ಟ ಕೆಂಪು, ಎಲ್ಲ ಈ ಕೈಯಿಂದಲೇ ಆದದ್ದು. ಅಂಥ ನಾನು ಅಂಗೈಯಲ್ಲಿ ಕೂರುವಷ್ಟು ದೊಡ್ಡ ಒಂದು ಮಣ್ಣೆತ್ತಿಗೆ ಹೊಳೆಯುವ ಕೆಂಪು ಹಚ್ಚಲು ಹೋಗಿ ಎರಡು ವಾರ ಮರ್ಯಾದೆ ಕಳೆದುಕೊಂಡೆ.

ನಮ್ಮೂರು ಕುಂದಗೋಳ ತಾಲೂಕಿನಲ್ಲಿ, ಕುಬಿಹಾಳದ ಬಾಜುವಿಗೆ ಇದೆ. ಕಾರಹುಣ್ಣಿಮೆಯಾಗಿ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ. ಅಂದು ಮನೆಮನೆಯಲ್ಲಿ ಎರೆಮಣ್ಣಿನ ಜೋಡೆತ್ತು ಮಾಡಿ, ಜಗುಲಿಯ ಮೇಲೆ ಇಟ್ಟು, ಹೋಳಿಗೆ ಎಡೆ ಹಿಡಿದು ಪೂಜೆ ಮಾಡುತ್ತೇವೆ. ಊರಿನಲ್ಲಿ ಜೀವಂತ ಎತ್ತುಗಳು ಕಡಿಮೆಯಾದಂತೆ ಮಣ್ಣೆತ್ತಿನ ಮೇಲಿನ ಭಕ್ತಿ ಹೆಚ್ಚುತ್ತಾ ಹೋಗಿರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆಶ್ಚರ್ಯವೇನಿಲ್ಲ. ಮಣ್ಣೆತ್ತು ಹೊಟ್ಟು ಕೇಳುವುದಿಲ್ಲ, ಸಗಣಿ ಹಾಕುವುದಿಲ್ಲ, ಮದುವೆಗೆ ಹೋಗಬೇಕಾದಾಗ ನೀರು ಕುಡಿಸುವವರು ಯಾರು ಎಂಬ ಚಿಂತೆ ಇಡುವುದಿಲ್ಲ. ಇಂಥ ಎತ್ತಿಗೆ ಯಾರು ಬೇಕಾದರೂ ಕೈ ಮುಗಿದಾರು. ನಿವೃತ್ತನಾದ ಮೇಲೆ ಎಂಟು ಹತ್ತು ಮನೆಗಳಿಗೆ ಈ ಜೋಡೆತ್ತು ಮಾಡಿಕೊಡುವ ಕೆಲಸ ನನಗೆ ಅಂಟಿಕೊಂಡಿತು.

ಕಾರಹುಣ್ಣಿಮೆಯ ಮರುದಿನ ಬಾಜೂಮನೆಯ ಕಾಕಿ ಬಂದಳು. ರಕ್ತಸಂಬಂಧವಿಲ್ಲ, ಆದರೆ ಎರಡೂ ಮನೆಗೆ ಒಂದೇ ನಡುಗೋಡೆ. ಅವಳ ಗಂಡ ಕಾಕಾ ಎಪ್ಪತ್ತು ದಾಟಿದ ಮನುಷ್ಯ, ಮಾತಿಗೆ ಜಿಪುಣ. ಎರಡು ವರ್ಷದ ಹಿಂದೆ ಅವರ ಜೋಡಿಯಲ್ಲಿ ಬಿಳಿ ಎತ್ತು ಸತ್ತಿತು. ಉಳಿದದ್ದು ಕೆಂದೆತ್ತು, ಮನೆಯವರ ಬಾಯಲ್ಲಿ ಕೆಂದ. ಒಂಟಿ ಎತ್ತಿಗೆ ನೊಗವಿಲ್ಲ, ಕೆಲಸವಿಲ್ಲ. ಗೊಬ್ಬರದಂಗಡಿ ಇಟ್ಟಿರುವ ಮಗ ಆರು ತಿಂಗಳು ಹೇಳಿದ್ದನ್ನೇ ಹೇಳಿ ಅದನ್ನು ಸಂತೆಗೆ ಕಳಿಸಿದ. ಆ ಜಾಗ ತೆರವಾಯಿತಲ್ಲ, ಅಲ್ಲಿ ಕಾರು ಬಂದು ನಿಂತಿತು. ನಮ್ಮ ಕಡೆ ಹಳೆಯ ಮನೆಗಳಲ್ಲಿ ತಲೆಬಾಗಿಲು ದಾಟಿದ ಕೂಡಲೇ ದನದ ಜಾಗ ಇರುತ್ತದೆ. ಬಾಗಿಲು ಒಡೆದು ಅಗಲ ಮಾಡಿದರು, ಆದರೆ ಮೇವು ಹಾಕುವ ಕಲ್ಲಿನ ಗೋದಲಿಯನ್ನು ಕೀಳಲು ಕಾಕಾ ಬಿಡಲಿಲ್ಲ. ಹೀಗಾಗಿ ಕಾರು ಈಗಲೂ ಗೋದಲಿಗೆ ಮುಖ ಮಾಡಿಕೊಂಡು, ಮೇವಿಗೆ ಕಾದಂತೆ ನಿಲ್ಲುತ್ತದೆ.

“ಮಾಸ್ತರ, ಹೋದ ವರ್ಷ ಅಮಾಸಿಗೆ ನಿಮ್ಮ ಕಾಕಾ ಪೂಜಿಗೆ ಕುಂದರಲಿಲ್ಲ,” ಎಂದಳು ಕಾಕಿ. “ಮಾರಿದ ಎತ್ತಿಗೆ ಯಾವ ಮಾರಿ ಹೊತ್ತು ಕೈ ಮುಗೀಲಿ ಅಂತ ಹೊಲಕ್ಕ ಹೋಗಿಬಿಟ್ರು. ಮನಿ ಹಿರ್ಯಾ ಇಲ್ದ ಎಡಿ ಹಿಡದ್ವಿ. ನಂಗ ಹೋಳಗಿ ಗಂಟಲದಾಗ ಇಳೀಲಿಲ್ಲ ನೋಡಪಾ.”

“ಈ ಸಲ ಕುಂದರ್ತಾರೇನು?”

“ಕೆಂದನ ಬಣ್ಣ ತಂದ್ರ ಕುಂದರ್ತೀನಿ ಅಂದಾರ. ಮಣ್ಣಿನ ಬಣ್ಣ ಅಲ್ಲ, ಕೆಮ್ಮಣ್ಣೂ ಅಲ್ಲ. ಬಿಸಲಾಗ ನಿಂತಾಗ ಹೊಳೀತಿತ್ತಲ್ಲ, ಆ ಬಣ್ಣ. ಕಾರಿಗೂ ಅದಽ ಬಣ್ಣ ಆರಿಸ್ಯಾರ. ಮಗ ಬಿಳೀದು ತಗೋಳೂಣು ಅಂದಿದ್ದ. ಇವ್ರು ಅಂಗಡ್ಯಾಗ ಆ ಕೆಂಪು ಕಾರಿನ ಮ್ಯಾಲೆ ಕೈ ಇಟ್ಟು, ಕೆಂದನ ಬೆನ್ನು ಇದ್ದಂಗ ಐತಿ ಅಂದ್ರಂತ. ಆಮ್ಯಾಲೆ ಬ್ಯಾರೇ ಮಾತಿಲ್ಲ.”

ಅಲ್ಲಿಯವರೆಗೆ ನಾನು ಕಟ್ಟೆಯ ಮೇಲೆ ಕುಳಿತು, ಎಪ್ಪತ್ತರ ಮುದುಕನಿಗೆ ಮದುಮಗನಂಥ ಕಾರು ಬೇಕಾಗಿತ್ತೇ ಎಂದು ಹತ್ತು ಜನರನ್ನಾದರೂ ನಗಿಸಿದ್ದೆ. ಆ ನಗೆಯ ಲೆಕ್ಕ ಈಗ ತೀರಿಸಬೇಕಾಯಿತು. “ಅದೇನ್ ದೊಡ್ಡದು ಕಾಕಿ, ಎರಡು ದಿನದಾಗ ಮಾಡಿಕೊಡ್ತೀನಿ,” ಎಂದೆ. ಒಳಗಿನಿಂದ ನನ್ನ ಹೆಂಡತಿ ಕೆಮ್ಮಿದಳು. ನಾನು ಏನಾದರೂ ಸುಲಭ ಎಂದಾಗಲೆಲ್ಲ ಅವಳಿಗೆ ಕೆಮ್ಮು ಬರುತ್ತದೆ.

ಮಣ್ಣಿನ ಜೋಡೆತ್ತು ಮಾಡಿ ಬಿಳಿ ಎತ್ತಿಗೆ ಸುಣ್ಣ ಹಚ್ಚಿದೆ, ಐದು ನಿಮಿಷದಲ್ಲಿ ಮುಗಿಯಿತು. ಕೆಂದೆತ್ತಿಗೆ ಮೊದಲು ಮನೆಯಲ್ಲಿದ್ದ ಕೆಂಪು ಆಯಿಲ್ ಪೇಂಟ್ ಹಚ್ಚಿ, ಒಣಗಿಸಿ, ಅದರ ಮೇಲೆ ವಾರ್ನಿಶ್ ಎಳೆದು ನಡುಗೋಡೆಯ ಆ ಕಡೆ ಒಯ್ದೆ. ಕಾಕಾ ಕನ್ನಡಕ ಏರಿಸಿ ನೋಡಿದರು.

“ಗ್ಯಾಸಿನ ಸಿಲಿಂಡರ್ ಮಾಡಿಯಲ್ಲೋ ಮಾಸ್ತರ,” ಎಂದರು.

ಸರಿ, ಹೊಳಪು ಬೇಕಾದರೆ ಬೆಳ್ಳಿ ಬಣ್ಣ ಬೇಕು ಎಂದು ನನ್ನ ಶಾಸ್ತ್ರ ಹೇಳಿತು. ಕಿಟಕಿಯ ಸರಳಿಗೆ ಹಚ್ಚಿ ಉಳಿದ ಸಿಲ್ವರ್ ಪೇಂಟನ್ನು ಕೆಂಪಿನಲ್ಲಿ ಕಲಸಿದೆ. ಕೆಂಪಿಗೆ ಬೆಳ್ಳಿ ಸೇರಿದರೆ ಹೊಳೆಯುವ ಕೆಂಪು ಎಂದು ಯಾವ ಬುದ್ಧಿವಂತನೂ ತಿಳಿಯುತ್ತಾನೆ. ಬಂದದ್ದು ಗುಲಾಬಿ. ಅದೂ ಸಂಕೋಚದ ಗುಲಾಬಿಯಲ್ಲ, ಊರಿಗೆಲ್ಲ ಕಾಣುವ ಗುಲಾಬಿ. ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಬಂದು ನೋಡಿ, “ಎತ್ತಿಗೆ ಹಲ್ಲುಪುಡಿ ತಿಕ್ಕೀರೇನ್ರಿ?” ಎಂದಳು. ಆ ಎತ್ತನ್ನು ಆಚೆ ಒಯ್ಯುವ ಧೈರ್ಯ ಆಗಲಿಲ್ಲ.

ಅಷ್ಟರಲ್ಲಿ ಸುದ್ದಿ ಕಟ್ಟೆಗೆ ಮುಟ್ಟಿತ್ತು. ನಮ್ಮೂರಿನ ಕಟ್ಟೆಯಲ್ಲಿ ಸಲಹೆಗೆ ಬರಗಾಲವಿಲ್ಲ. ಒಬ್ಬ ಕುಂಕುಮಕ್ಕೆ ಎಣ್ಣೆ ಕಲಸು ಎಂದ. ಒಬ್ಬ ಹೆಣ್ಣುಮಕ್ಕಳು ಉಗುರಿಗೆ ಹಚ್ಚುವ ಬಣ್ಣವೇ ಶ್ರೇಷ್ಠ ಎಂದ, ಅವನಿಗೆ ಅದು ಹೇಗೆ ಗೊತ್ತು ಎಂದು ಯಾರೂ ಕೇಳಲಿಲ್ಲ. ಇನ್ನೊಬ್ಬ ತನ್ನ ಮೊಬೈಲಿನಲ್ಲಿ ವಿಡಿಯೋ ತೆಗೆದು ತೋರಿಸಿದ. ಯಾವುದೋ ದೇಶದ ಗಡ್ಡದ ತರುಣ ಹೆಬ್ಬೆರಳಿನಷ್ಟಿದ್ದ ಸಿಪಾಯಿ ಗೊಂಬೆಗೆ ಇದೇ ಕೆಂಪು ಹಚ್ಚುತ್ತಿದ್ದ. ಬಣ್ಣ ಊದುವ ಯಂತ್ರ, ಏಳು ಸಣ್ಣ ಬಾಟಲಿ, ಕೂದಲೆಳೆಯಂಥ ಬ್ರಷ್ಷು. ಮುಗಿದ ಮೇಲೆ ನಕ್ಕು, ಇದು ಬಹಳ ಸುಲಭ ಎಂದ. ಇಂಗ್ಲಿಷಿನಲ್ಲಿ ನನಗೆ ಪೂರ್ತಿ ತಿಳಿದ ಮಾತು ಅದೊಂದೇ. ನನಗೆ ಮೈ ಉರಿಯಿತು, ಯಾಕೆಂದರೆ ಕಾಕಿಯ ಮುಂದೆ ನಾನು ಹೇಳಿದ್ದೂ ಅದನ್ನೇ.

ಮರುದಿನ ಹುಬ್ಬಳ್ಳಿಗೆ ಹೋದೆ. ಕಾರಿಗೆ ಬಣ್ಣ ಮಾರುವ ಅಂಗಡಿಯಲ್ಲಿ ಕೆಂಪು ಮೆಟಾಲಿಕ್ ಸ್ವಲ್ಪ ಬೇಕು ಎಂದೆ.

“ಯಾವ ಗಾಡಿಗ್ರಿ?”

“ಗಾಡಿಗಲ್ರಿ, ಎತ್ತಿಗೆ.”

ಅವನು ನನ್ನ ಬಿಳಿ ಕೂದಲು ನೋಡಿ ಸೈರಿಸಿಕೊಂಡ. “ಯಾವ ಮಾಡೆಲ್‌ರಿ?” ಎಂದು ಕೇಳಿದ. ಕಾಕಾನ ಕಾರಿನ ಹೆಸರು ಹೇಳಿ, ಗೀರು ಮುಚ್ಚಲು ಕೊಡುವ ಚಿಕ್ಕ ಬಾಟಲಿ ತಂದೆ. ಬ್ರಷ್ಷಿನಿಂದ ಹಚ್ಚಿದರೆ ಅದರ ಮಿನುಗು ಪುಡಿ ಒಂದು ಕಡೆ ಗಡ್ಡೆಕಟ್ಟಿತು, ಇನ್ನೊಂದು ಕಡೆ ಬರೀ ಕಂದು ಉಳಿಯಿತು. ಎತ್ತಿಗೆ ಗಜಕರ್ಣ ಆದಂತೆ ಕಂಡಿತು. ಕಾಕಾ ಅದನ್ನು ಎರಡು ಕ್ಷಣ ನೋಡಿ, ನನ್ನ ಕೈಗೆ ಮರಳಿ ಕೊಟ್ಟರು. ಸಿಲಿಂಡರ್ ಎಂದು ಬೈದದ್ದೇ ಚಲೋ ಇತ್ತು. ಬಾಗಿಲಲ್ಲಿ ನಿಂತಿದ್ದ ಕಾಕಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಅಮಾವಾಸ್ಯೆಗೆ ಐದು ದಿನ ಉಳಿದಿತ್ತು. ಆ ಹೊತ್ತಿಗೆ ನನಗೆ ನಿಜವಾಗಿ ಭಯವಾಯಿತು.

ಕಲಘಟಗಿಯಲ್ಲಿ ತೊಟ್ಟಿಲಿಗೆ ಬಣ್ಣ ಬರೆಯುವ ಒಬ್ಬ ಮುದುಕರ ಪರಿಚಯ ನನಗಿತ್ತು. ಹಿಂದೊಮ್ಮೆ ಅವರನ್ನು ಶಾಲೆಗೆ ಕರೆಸಿ, ಮಕ್ಕಳ ಮುಂದೆ ಅವರಿಗಿಂತ ಹೆಚ್ಚು ನಾನೇ ಮಾತಾಡಿ ಕಳಿಸಿದ್ದೆ. ಬೇರೆ ದಾರಿಯಿಲ್ಲದೆ ಬಸ್ಸು ಹತ್ತಿ ಹೋಗಿ, ಕೆಟ್ಟ ಎತ್ತುಗಳನ್ನೆಲ್ಲ ಅವರ ಮುಂದೆ ಸಾಲಾಗಿ ನಿಲ್ಲಿಸಿದೆ. ಅವರು ಗುಲಾಬಿ ಎತ್ತನ್ನು ಕೈಗೆತ್ತಿಕೊಂಡು ಬಹಳ ಹೊತ್ತು ನಕ್ಕರು.

“ಮಾಸ್ತರ, ಕೆಂಪು ಹೊಳಿಯೂದಿಲ್ರಿ,” ಎಂದರು. “ಕೆಳಗಿಂದು ಹೊಳೀತೈತಿ. ಮ್ಯಾಲಿನ ಕೆಂಪು ಅದನ್ನ ಕಾಣಿಸಿಕೊಡಬೇಕು, ಅಷ್ಟಽ. ನೀವು ಎರಡೂ ಕೂಡಿಸಿ ಅಂಬಲಿ ಮಾಡೀರಿ. ಮೊದಲ ಬೆಳ್ಳಿ ಹಚ್ಚಿ ಬಿಡ್ರಿ. ಆಮ್ಯಾಲೆ ಹಾಯ್ದು ಕಾಣೂವಂಥಾ ತೆಳು ಕೆಂಪು, ಒಂದರ ಮ್ಯಾಲೊಂದು.”

ಜಲವರ್ಣದಲ್ಲಿ ತೆಳು ಬಣ್ಣದ ಮೇಲೆ ತೆಳು ಬಣ್ಣ ಹಚ್ಚಬೇಕು ಎಂದು ಮೂವತ್ತು ವರ್ಷ ಮಕ್ಕಳಿಗೆ ಬಾಯಿಪಾಠ ಮಾಡಿಸಿದವನು ನಾನು. ಅದನ್ನು ಇನ್ನೊಬ್ಬರ ಬಾಯಿಂದ ಕೇಳಲು ಬಸ್ ಚಾರ್ಜು ಕೊಟ್ಟು ಕಲಘಟಗಿಗೆ ಹೋಗಬೇಕಾಯಿತು. ಕಲಿಸಿದ್ದೆಲ್ಲ ಮಕ್ಕಳಿಗೆ, ನನಗಲ್ಲ ಎಂದುಕೊಂಡಿದ್ದೆನೋ ಏನೋ.

ಬರುವಾಗ ಹುಬ್ಬಳ್ಳಿಯಲ್ಲಿ ಇಳಿದು ಗಾಜಿನ ಮೇಲೆ ಚಿತ್ರ ಬರೆಯುವ ಕೆಂಪು ಬಣ್ಣ ಕೊಂಡೆ. ಅದು ಶರಬತ್ತಿನಂತೆ ಪಾರದರ್ಶಕ. ಹೊಸ ಎತ್ತು ಮಾಡಿ ಒಣಗಿಸಿ ಮೊದಲು ಕಪ್ಪು ಹಚ್ಚಿದೆ, ಮಣ್ಣು ಬಣ್ಣ ಕುಡಿಯಬಾರದೆಂದು. ಅದರ ಮೇಲೆ ಬೆಳ್ಳಿ. ಬೆಳ್ಳಿ ಎತ್ತು ನೋಡಿ ಹೆಂಡತಿ, “ಇದಽ ಚಂದ ಐತಿ, ಸಾಕು ಬಿಡ್ರಿ,” ಎಂದಳು. ಬಿಡಲಿಲ್ಲ. ತೆಳು ಕೆಂಪನ್ನು ಒಂದು ಸಲ ಎಳೆದು ಒಣಗಲು ಬಿಟ್ಟು, ಮತ್ತೆ ಎಳೆದೆ. ಹೊಟ್ಟೆಯ ಕೆಳಗೆ, ತೊಡೆಯ ಸಂದಿಯಲ್ಲಿ ಒಂದು ಸಲ ಹೆಚ್ಚು, ಹೆಗಲ ಡುಬ್ಬದ, ಅಂದರೆ ಇಣಿಯ ಮೇಲೆ ಒಂದು ಸಲ ಕಡಿಮೆ. ನಾಲ್ಕನೆಯ ಸಲಕ್ಕೆ ಬಂತು. ಒಳಗೆ ದೀಪವಿಟ್ಟಂತೆ ಬಂತು. ನಾನು ಒಬ್ಬನೇ ಕೋಣೆಯಲ್ಲಿ ಕುಳಿತು ಜೋರಾಗಿ ನಕ್ಕೆ, ನಾಚಿಕೆಯಿಲ್ಲದೆ ಹೇಳುತ್ತೇನೆ, ಕಣ್ಣಲ್ಲಿ ನೀರೂ ಬಂತು.

ಅಮಾವಾಸ್ಯೆಯ ಹಿಂದಿನ ಸಂಜೆ ಅದನ್ನು ಒಂದು ತಾಟಿನಲ್ಲಿ ಇಟ್ಟುಕೊಂಡು ಹೋಗಿ ಕಾರಿನ ಮೂತಿಯ ಮೇಲೆ ನಿಲ್ಲಿಸಿದೆ. ಎರಡರ ಬಣ್ಣದಲ್ಲಿ ಕೂದಲಿನಷ್ಟೂ ಫರಕಿಲ್ಲ. ಮಗ ಎಲ್ಲ ದಿಕ್ಕಿನಿಂದ ಫೋಟೋ ಹೊಡೆದು ಹತ್ತು ಕಡೆ ಕಳಿಸಿದ. ನಾನು ಹೊಗಳಿಕೆಗೆ ತಯಾರಾಗಿ ಕಾಕಾನ ಮುಖ ನೋಡಿದೆ.

“ಅಗದಿ ಕಾರ್ ಆಗೇತಿ,” ಎಂದರು ಕಾಕಾ. ಅಷ್ಟು ಹೇಳಿ ಒಳಗೆ ಹೋದರು.

ನನ್ನ ಸಿಟ್ಟು ನೆತ್ತಿಗೇರಿತು. ಕಾರಿನ ಬಣ್ಣವೇ ಕೆಂದನ ಬಣ್ಣ ಎಂದವರು ಅವರು. ಈಗ ಕಾರಿನಂತಾಗಿದೆ ಎಂದು ಮುಖ ತಿರುಗಿಸುವವರೂ ಅವರೇ. “ಕಾಕಿ, ನಾಳೆ ಕುಂದರ್ತಾರೋ ಬಿಡ್ತಾರೋ ನಾ ಅರಿಯೆ. ಮ್ಯಾಲಿನ ಬಣ್ಣ ಇನ್ನೂ ಹಸೀ ಐತಿ. ಈ ಥಂಡೀ ಹವಾದಾಗ ಲಗೂ ಒಣಗೂದಿಲ್ಲ. ಯಾರೂ ಕೈ ಹಚ್ಚಬ್ಯಾಡ್ರಿ,” ಎಂದು ಗದರಿ ಬಂದೆ. ಪಾಪ, ಅವಳದೇನು ತಪ್ಪು.

ಬೆಳಗ್ಗೆ ಕಾಕಿ ಕರೆಕಳಿಸಿದಳು. ಜಗುಲಿಯ ಮೇಲೆ ಜೋಡೆತ್ತು ನಿಂತಿದ್ದವು, ಮುಂದೆ ಮಣ್ಣಿನ ಸಣ್ಣ ಗೋದಲಿ, ಹೋಳಿಗೆಯ ಎಡೆ. ಹಿರಿಯನ ಮಣೆ ಖಾಲಿ ಇತ್ತು. ಕಾಕಾ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು ಬಂದು, ಮಣೆಯ ಹತ್ತಿರ ನಿಂತರು. ಹೆಗಲ ಮೇಲೆ ಟಾವೆಲ್ಲು. ಅದು ಹೊಲಕ್ಕೆ ಹೋಗುವ ಟಾವೆಲ್ಲು ಎಂಬುದು ಕಾಕಿಗೂ ಗೊತ್ತು, ನನಗೂ ಗೊತ್ತು.

ಅವರು ಬಗ್ಗಿ ಕೆಂದೆತ್ತನ್ನು ಎಡ ಅಂಗೈಯಲ್ಲಿ ಎತ್ತಿಕೊಂಡರು. ಬಲ ಹೆಬ್ಬೆರಳನ್ನು ಅದರ ಇಣಿಯ ಮೇಲೆ ಇಟ್ಟು ಬಾಲದವರೆಗೆ ಒತ್ತಿ ತಿಕ್ಕಿದರು.

“ಕಾಕಾ, ಹಸೀ ಐತ್ರೀ!” ಎಂದು ಕಿರುಚಿದೆ.

ಅವರಿಗೆ ಕೇಳಿಸಲಿಲ್ಲ. ಇಪ್ಪತ್ತು ವರ್ಷ ದಿನಾ ಮುಂಜಾನೆ ಕೊಟ್ಟಿಗೆಯಲ್ಲಿ ಮಾಡಿದ್ದನ್ನು ಕೈ ತಾನೇ ಮಾಡುತ್ತಿತ್ತು. ಮೊದಲು ಮೈ ತಿಕ್ಕುವುದು, ಆಮೇಲೆ ಹಣೆಗೆ ವಿಭೂತಿ ಹಚ್ಚುವುದು, ಆಮೇಲೆ ನೊಗಕ್ಕೆ ಕಟ್ಟುವುದು. ತಿಕ್ಕದ ಎತ್ತಿಗೆ ವಿಭೂತಿ ಹಚ್ಚುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲ. ಇನ್ನೊಮ್ಮೆ ತಿಕ್ಕಿದರು, ಪಕ್ಕೆಗಳನ್ನೂ ತಿಕ್ಕಿದರು. ನನ್ನ ನಾಲ್ಕು ಪದರದ ಕೆಂಪು ಅವರ ಹೆಬ್ಬೆರಳಿಗೆ ಬಂತು. ಕನ್ನಡಿಯಂತಿದ್ದ ಬೆನ್ನಿನ ಮೇಲೆ ಸಣ್ಣ ಸಣ್ಣ ಗೆರೆ ಎದ್ದವು. ಕೆಲವು ಗೆರೆಯಲ್ಲಿ ಕೆಂಪು ದಪ್ಪ, ಕೆಲವು ಗೆರೆಯಲ್ಲಿ ಕೆಳಗಿನ ಬೆಳ್ಳಿ ಕಾಣುತ್ತಿತ್ತು. ಕೂದಲು ಎದ್ದಂತೆಯೇ ಇತ್ತು. ಆಮೇಲೆ ಮೂರು ಬೆರಳು ವಿಭೂತಿಯಲ್ಲಿ ಅದ್ದಿ ಅದರ ಹಣೆಗೆ ಎಳೆದರು. ಹಸಿ ಬಣ್ಣಕ್ಕೆ ಅದು ಗಟ್ಟಿಯಾಗಿ ಕೂತಿತು.

“ಈಗ ಕೆಂದ ಬಂದ ನೋಡು,” ಎಂದರು. ಟಾವೆಲ್ಲು ತೆಗೆದು ಕಾಕಿಯ ಕೈಗೆ ಕೊಟ್ಟು ಮಣೆಯ ಮೇಲೆ ಕುಳಿತರು.

ಹದಿನಾಲ್ಕು ದಿನ ನಾನು ಕಾರನ್ನು ನೋಡಿ ಎತ್ತಿಗೆ ಬಣ್ಣ ಹಚ್ಚಿದ್ದೆ. ಇಪ್ಪತ್ತು ವರ್ಷ ನಡುಗೋಡೆಯ ಆಚೆ ನಿಂತಿದ್ದ ಎತ್ತನ್ನು ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ.

ಪೂಜೆ ಮುಗಿದ ಮೇಲೆ ಮಣ್ಣೆತ್ತನ್ನು ಬಾವಿಗೆ ಬಿಡುವುದು ರೂಢಿ. ಕಾಕಿ ತಾಟು ಎತ್ತಿದಾಗ ಕಾಕಾ ಬಿಳಿ ಎತ್ತನ್ನಷ್ಟೇ ಕೊಟ್ಟರು. “ಕೆಂದನ್ನ ಒಮ್ಮೆ ಕಳಿಸಿದ್ದು ಸಾಕಾಗೇತಿ,” ಎಂದು ಅದನ್ನು ಕಾರಿನ ಮುಂದಿನ ಕಲ್ಲಿನ ಗೋದಲಿಯಲ್ಲಿ ನಿಲ್ಲಿಸಿದರು. ಗಾಜಿನ ಬಣ್ಣ ಹಚ್ಚಿದ ಎತ್ತು ನೀರಿನಲ್ಲಿ ಕರಗುವುದೂ ಇಲ್ಲ ಎಂದು ನಾನು ತಾಂತ್ರಿಕ ಬೆಂಬಲ ಕೊಟ್ಟೆ.

ಆ ಎತ್ತು ಈಗಲೂ ಅಲ್ಲೇ ಇದೆ. ದಿನಾ ಮುಂಜಾನೆ ಕಾಕಾ ಅದರ ಬೆನ್ನು ತಿಕ್ಕಿ, ವಿಭೂತಿ ಹಚ್ಚುತ್ತಾರೆ. ಕಾರಿಗೆ ಯಾರೂ ವಿಭೂತಿ ಹಚ್ಚುವುದಿಲ್ಲ, ಅದಕ್ಕೆ ಸರ್ವಿಸಿಂಗ್ ಇದೆ. ಮೊನ್ನೆ ಹೋದಾಗ ನೋಡಿದೆ, ಇಣಿಯ ಮೇಲೆ, ಬೆನ್ನುದ್ದಕ್ಕೂ ಕೆಂಪೆಲ್ಲ ಸವೆದು ಬರೀ ಬೆಳ್ಳಿ ಉಳಿದಿತ್ತು. ಕಸುಬಿನವನಿಗೆ ಸುಮ್ಮನಿರಲು ಆಗುತ್ತದೆಯೇ? ಮನೆಯಲ್ಲಿ ಅರ್ಧ ಬಾಟಲಿ ಕೆಂಪು ಇನ್ನೂ ಇದೆ, ಒಯ್ದು ಹೊಸದಾಗಿ ಹಚ್ಚಿಕೊಡಲೇ ಎಂದು ಕೇಳಿದೆ.

“ಬ್ಯಾಡೋ ಮಾಸ್ತರ,” ಎಂದರು ಕಾಕಾ. “ವಯಸ್ಸಾದ್ರ ಎತ್ತು ಬೆಳ್ಳಗಾಗೂದಽ. ಇದಾದ್ರೂ ನಮ್ಮ ಮನ್ಯಾಗ ಮುದುಕ ಆಗಲಿ.”