ಆ ದಿನ ಒಲೆಯ ಮೇಲಿದ್ದ ಸಿಗಡಿ

ಐಸಮ್ಮನ ಸಂಸಾರವನ್ನು ಆ ಬಿಲ್ಡಿಂಗಿನಿಂದ ಹೊರಗೆ ಹಾಕಿಸಿದವಳು ನಾನು. ತನ್ವಿ, ನಿನ್ನೆ ಸಿಟ್ಟಿನಿಂದ ಕೇಳಿದೆಯಲ್ಲ, "ಎಂಥ ಹೆಂಗಸು ಅಜ್ಜಿ ಅವಳು?" ಎಂದು — ಅವಳು ನಾನೇ. ನಿನಗೂ ನಿನ್ನ ತಮ್ಮನಿಗೂ ಕನ್ನಡ ಓದಲು ಬಾರದು. ನಿಮ್ಮ ಅಪ್ಪ ಇದನ್ನು ಗಟ್ಟಿಯಾಗಿ ಓದಿ ಹೇಳಲಿ, ಅವನೂ ಕೇಳಬೇಕಾದದ್ದೇ. ಎದುರಿಗೆ ಹೇಳುವ ಬಾಯಿ ನನಗೆ ಮೊದಲಿನಿಂದಲೂ ಇಲ್ಲ. ಊರಿನ ಶಾಲೆಯಲ್ಲಿ ಏಳನೆಯವರೆಗೆ ಕಲಿತ ಅಕ್ಷರ ಇದೆ, ಅಷ್ಟೇ.

ಆಗ ನಾವು ವಿಲೆ ಪಾರ್ಲೆಯಲ್ಲಿದ್ದೆವು. ನಿಮ್ಮ ಅಜ್ಜ ಗ್ರಾಂಟ್ ರೋಡಿನ ಉಡುಪಿ ಹೋಟೆಲಿನಲ್ಲಿ ಮ್ಯಾನೇಜರ್. ಉಡುಪಿಯವರೆಂದರೆ ಮೀನು ಮಾಂಸ ಮುಟ್ಟದವರು ಎಂದು ಸಸ್ಯಾಹಾರಿಗಳೇ ತುಂಬಿದ್ದ ಆ ಬಿಲ್ಡಿಂಗಿನವರು ತಾವೇ ತಿಳಿದುಕೊಂಡರು, ನಾವು ತಿದ್ದಲಿಲ್ಲ. ಮೀನಿಲ್ಲದಿದ್ದರೆ ನಮಗೆ ಅನ್ನ ಇಳಿಯುತ್ತಿರಲಿಲ್ಲ. ಕಿಟಕಿ ಮುಚ್ಚಿ, ಅಗರಬತ್ತಿ ಹಚ್ಚಿ ಬೇಯಿಸುತ್ತಿದ್ದೆ — ನನ್ನ ಮನೆಯಲ್ಲೇ ನಾನು ಕಳ್ಳಿಯ ಹಾಗೆ. "ಸೊಸೈಟಿಯವರಿಗೆ ಗೊತ್ತಾದರೆ ಕಥೆ ಮುಗಿಯಿತು ಮಾರಾಯ್ತಿ" ಎನ್ನುತ್ತಿದ್ದರು ನಿಮ್ಮ ಅಜ್ಜ, ಬಂಗುಡೆಯ ಮುಳ್ಳು ಬಿಡಿಸುತ್ತಾ.

ಎದುರು ಬಾಗಿಲಿಗೆ ಬಾಡಿಗೆಗೆ ಬಂದವರು ಮಂಗಳೂರು ಕಡೆಯ ಬ್ಯಾರಿ ಮುಸಲ್ಮಾನರು. ಐಸಮ್ಮನ ಗಂಡನಿಗೆ ವಿಮಾನ ನಿಲ್ದಾಣದಲ್ಲಿ ಸಾಮಾನು ಇಳಿಸುವ ಕೆಲಸ. ಮಗಳು ಜೋಹರಾ ಹನ್ನೆರಡನೆಯ ತರಗತಿ. ನಮ್ಮ ತುಳು ಕಿವಿಗೆ ಬಿದ್ದದ್ದೇ ತಡ, ಐಸಮ್ಮ ನನಗೆ ಗೆಳತಿಯಾದಳು. ಮೀನಿನ ಗುಟ್ಟು ಗೊತ್ತಿದ್ದದ್ದು ಅವಳೊಬ್ಬಳಿಗೆ. "ನಿಮ್ಮ ಅಗರಬತ್ತಿಗೆ ಬಂಗುಡೆಯ ಪರಿಮಳ ಸರೋಜಕ್ಕಾ! ಹೆದರಬೇಡಿ, ನಾನು ಯಾರಿಗೂ ಹೇಳುವುದಿಲ್ಲ" ಎಂದು ನಗುತ್ತಿದ್ದಳು.

ಮಳೆಗಾಲ, ರಂಜಾನ್ ತಿಂಗಳ ಒಂದು ಮಧ್ಯಾಹ್ನ. ಹಸಿ ಮೀನು ಸರಿಯಾಗಿ ಸಿಗದ ಕಾಲ. ಊರಿನಿಂದ ಬಂದ ಒಣ ಸಿಗಡಿಯನ್ನು ಚಟ್ನಿಗೆಂದು ಕಾವಲಿಯಲ್ಲಿ ಹುರಿಯುತ್ತಿದ್ದೆ. ಕಿಟಕಿ ಮುಚ್ಚಿದ್ದರೂ ವಾಸನೆ ಮೆಟ್ಟಿಲಿನವರೆಗೆ ಹೋಯಿತು. ಸೊಸೈಟಿಯ ಸೆಕ್ರೆಟರಿ ನಾಲ್ಕೈದು ಜನರನ್ನು ಕಟ್ಟಿಕೊಂಡು ಬಂದವರು ನೇರ ಐಸಮ್ಮನ ಬಾಗಿಲು ಬಡಿದರು. ನಮ್ಮ ಬಾಗಿಲ ಕಡೆ ತಿರುಗಿಯೂ ನೋಡಲಿಲ್ಲ.

ತಮ್ಮದು ಉಪವಾಸ, ಸೂರ್ಯ ಹುಟ್ಟಿದ ಮೇಲೆ ಒಲೆಯನ್ನೇ ಹಚ್ಚಿಲ್ಲ ಎಂದು ಅವಳು ಮುರುಕು ಹಿಂದಿಯಲ್ಲಿ ಹೇಳಿದಳು. "ಉಪವಾಸಕ್ಕೇ ಇಷ್ಟು ವಾಸನೆ, ಹಬ್ಬಕ್ಕೆ ಎಷ್ಟೋ!" ಎಂದು ಒಬ್ಬ ಅಣಕಿಸಿದ. ಎಲ್ಲರೂ ನಕ್ಕರು. ಗಲಾಟೆ ಕೇಳಿ ಬಾಗಿಲು ತೆರೆದ ನನ್ನ ಕಡೆ ಸೆಕ್ರೆಟರಿ ತಿರುಗಿದರು. "ಭಾಭೀಜಿ, ಆಪ್ ತೋ ಉಡುಪಿವಾಲೇ. ಈ ನಾತ ಯಾರ ಮನೆಯದು, ನೀವೇ ಹೇಳಿ."

"ಹಮಾರಾ ನಹೀಂ" ಎಂದೆ.

ನಮ್ಮದಲ್ಲ! ನನ್ನ ಬೆನ್ನ ಹಿಂದೆ ಸಿಗಡಿ ಸೀದು ಕರಕಲಾಗುತ್ತಿತ್ತು. ಐಸಮ್ಮ ನನ್ನ ಮುಖ ನೋಡಿದಳು. ಅವಳು ಬೆರಳು ತೋರಿಸಿದ್ದರೆ ಸಾಕಿತ್ತು — ತೋರಿಸಲಿಲ್ಲ. ನನಗೆ ಮಾತು ಕೊಟ್ಟಿದ್ದಳಲ್ಲ. ಮಾಲೀಕ ಅವರಿಂದ ಮನೆ ಖಾಲಿ ಮಾಡಿಸಿದ. ಸುತ್ತಮುತ್ತ ಯಾರೂ ಮನೆ ಕೊಡದೆ ಊರಾಚೆ, ಅವರ ಜನರೇ ಹೆಚ್ಚಿದ್ದ ಮುಂಬ್ರಾಕ್ಕೆ ಹೋದರು. ಕಾಲೇಜಿಗೆಂದು ಜೋಹರಾ ಅಷ್ಟು ದೂರದಿಂದ ಲೋಕಲ್‌ನಲ್ಲಿ ನೇತಾಡಿಕೊಂಡು ಬರುತ್ತಿದ್ದಳಂತೆ. ಟೆಂಪೋ ಹೊರಟಾಗ ನಾನು ಬಾಗಿಲು ಹಾಕಿಕೊಂಡು ಕುಳಿತಿದ್ದೆ.

ಹೆದರಿಕೆಯಿಂದ ಸುಳ್ಳು ಹೇಳಿದೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳು. ನಿಜ ಹೇಳಿದ್ದರೆ ನಮಗೆ ಏನಾಗುತ್ತಿತ್ತು? ಒಂದಷ್ಟು ಬೈಗುಳ, ನಾಲ್ಕು ದಿನದ ನಾಚಿಕೆ. ನಮ್ಮನ್ನು ಯಾರೂ ಹೊರಗೆ ಹಾಕುತ್ತಿರಲಿಲ್ಲ — ಅದು ನನಗೆ ಆಗಲೇ ಗೊತ್ತಿತ್ತು. ಅವರಿಗೆ ಬೇಕಿದ್ದದ್ದು ವಾಸನೆಯ ಮೂಲವಲ್ಲ, ಐಸಮ್ಮನ ಹೆಸರು. ಇಂದು ಈ ಅಂಧೇರಿಯ ಮನೆಗೆ ಮೀನು ಮೊಬೈಲಿನಲ್ಲಿ ಹೇಳಿದರೆ ಬರುತ್ತದೆ, ಕಿಟಕಿ ತೆರೆದೇ ಹುರಿಯುತ್ತೇವೆ. ಒಬ್ಬರಾದರೂ ಬಂದು ಬಾಗಿಲು ಬಡಿದಿದ್ದಾರೆಯೇ? ಅದೇ ಊರಿನಲ್ಲಿ ಜೋಹರಾಳಂಥವರು ಇಂದಿಗೂ ಹೆಸರು ಹೇಳಿದ ಕೂಡಲೇ "ರೂಮ್ ಹೋಯಿತು" ಎನ್ನಿಸಿಕೊಳ್ಳುತ್ತಾರೆ. ಮೈ ಉರಿಯುತ್ತದೆ — ಅವರ ಮೇಲೆ, ನನ್ನ ಮೇಲೆ.

ಅಲ್ಪಸಂಖ್ಯಾತರ ಪರ ನಿಲ್ಲುವ ವಕೀಲರನ್ನು ತಯಾರು ಮಾಡಲು ಹೊರದೇಶದವರು ಇಲ್ಲಿಗೆ ಬಂದು ತರಬೇತಿ ಕೊಡುತ್ತಾರೆ, "ಅದಕ್ಕೆ ನಾನೂ ಆಯ್ಕೆಯಾದೆ" ಎಂದು ಕಾನೂನು ಓದುತ್ತಿರುವ ನೀನು ಕುಣಿದಾಗ ನಾನೂ ಹಿಗ್ಗಿದೆ, ತನ್ವಿ. ಅವರ ಜೊತೆ ಕಲಿಸುವ, ವಿದೇಶದಲ್ಲಿ ಓದಿ ಬಂದ ನಿನ್ನ ಜೋಹರಾ ಮ್ಯಾಮ್ ಯಾರೆಂದು ನನಗೆ ತಿಳಿದಿರಲಿಲ್ಲ. ನಿನ್ನೆ ನೀನು, ಮ್ಯಾಮ್ ತರಬೇತಿಯಲ್ಲಿ ಹೇಳಿದ್ದೆಂದು, ಆ ಸಿಗಡಿಯ ಕಥೆ ಹೇಳಿದೆ. "ಮ್ಯಾಮ್ ಆ ಆಂಟಿಯ ಹೆಸರು ಹೇಳಲಿಲ್ಲ ಅಜ್ಜಿ. ಅವರ ಮಮ್ಮಿ ಹೇಳಬೇಡ ಅಂದಿದ್ದಾರಂತೆ. ಆ ಆಂಟಿ ಸಾಕ್ಷಿ ಕಟಕಟೆಗೆ ಬಂದರೆ ಏನು ಕೇಳ್ತೀರಿ, ಅದು ನಮ್ಮ ಹೋಮ್‌ವರ್ಕ್."

ನೀನು ನನ್ನನ್ನೇ ಕುರ್ಚಿಯಲ್ಲಿ ಕೂರಿಸಿದೆ. "ಅಜ್ಜಿ, ನೀವು ಆ ಆಂಟಿ. ನಾನು ವಕೀಲೆ, ಠೀಕ್ ಹೈ? ಆ ದಿನ ನಿಮ್ಮ ಒಲೆಯ ಮೇಲೆ ಏನಿತ್ತು?"

"ನೆನಪಿಲ್ಲ" ಎಂದೆ. ತಲೆ ತಗ್ಗಿಸಿದೆ. ನೀನು ಚಪ್ಪಾಳೆ ತಟ್ಟಿದೆ — "ವಾಹ್ ಅಜ್ಜಿ, ಕ್ಯಾ ಆ್ಯಕ್ಟಿಂಗ್!"

ಆಟದಲ್ಲೂ ನನ್ನಿಂದ ನಿಜ ಹೇಳಲಾಗಲಿಲ್ಲ, ನೋಡು. ಎದುರು ಬಾಗಿಲಿನವಳಾಗಿ ನಾನು ಹೇಳಬಹುದಾಗಿದ್ದ ಒಂದು ಮಾತಿಗೆ ಎಷ್ಟೆಷ್ಟು ದೇಶದವರು ಸಮುದ್ರ ದಾಟಿ ಬರಬೇಕಾಯಿತು! ಅವರು ನಿನಗೆ ಪ್ರಶ್ನೆ ಕೇಳುವುದನ್ನು ಕಲಿಸಲಿ. ಉತ್ತರ ಕೊಡಬೇಕಾದವಳು ಮನೆಯಲ್ಲಿ ಕುಳಿತರೆ ಆ ಕಲಿಕೆಯಿಂದೇನು.

ನಾಳೆ ನಿನ್ನ ಜೊತೆ ನಾನೂ ಬರುತ್ತೇನೆ. ಜೋಹರಾಳ ಎದುರಿಗೆ, ಎಲ್ಲರ ಎದುರಿಗೆ, ಅದೇ ಪ್ರಶ್ನೆಯನ್ನು ಮತ್ತೆ ಕೇಳು. ಅವಳು ಒಪ್ಪಿದರೆ ಅಲ್ಲಿಂದ ಮುಂಬ್ರಾಕ್ಕೆ, ಐಸಮ್ಮನ ಮನೆಗೆ ಹೋಗೋಣ. ಐಸಮ್ಮ ಬಾಗಿಲು ತೆರೆಯದಿದ್ದರೆ ಅದು ಅವಳ ಹಕ್ಕು. ನಾನು ಹೊರಗೆ ನಿಂತೇ ಹೇಳುತ್ತೇನೆ — ಒಣ ಸಿಗಡಿ ಇತ್ತು. ನನ್ನ ಒಲೆಯ ಮೇಲೆ ಇತ್ತು.