ಷಡ್ಡಕನನ್ನು ಆರಿಸಿಕೊಂಡರು

ಷಡ್ಡಕನ ಏಳಿಗೆ ನೋಡಿ ಹೊಟ್ಟೆ ಉರಿದುಕೊಳ್ಳದ ಗಂಡಸು ನಮ್ಮ ಮಂಡ್ಯ ಕಡೆ ಯಾರಾದರೂ ಇದ್ದರೆ ಅವನಿಗೊಂದು ದೊಡ್ಡ ನಮಸ್ಕಾರ. ನಾನಂತೂ ಅಂಥವನಲ್ಲ. ನನ್ನ ಹೆಂಡತಿಯ ತಂಗಿಯ ಗಂಡ ಮದ್ದೂರಿನವನು, ನನಗಿಂತ ಚಿಕ್ಕವನು. ಅವನು ಬೈಕು ಕೊಂಡಾಗ ಉರಿದಿದ್ದೆ, ಮನೆಗೆ ಮಹಡಿ ಎಬ್ಬಿಸಿದಾಗ ಉರಿದಿದ್ದೆ. ಕಾಯಿಲೆಯಲ್ಲೂ ಅವನು ನನ್ನನ್ನು ಹಿಂದೆ ಹಾಕುತ್ತಾನೆಂದು ಮಾತ್ರ ಎಣಿಸಿರಲಿಲ್ಲ.

ಇಬ್ಬರಿಗೂ ಒಂದೇ ವರ್ಷ ಹೃದಯಾಘಾತವಾಯಿತು. ಮೊದಲು ನನಗೆ, ಅದನ್ನು ಇಲ್ಲಿ ಹೇಳಲೇಬೇಕು. ಮೈಸೂರಿನ ಒಂದೇ ಆಸ್ಪತ್ರೆಯಲ್ಲಿ ಇಬ್ಬರಿಗೂ ಸ್ಟೆಂಟ್ ಹಾಕಿದರು. ಆದರೂ ಹೃದಯ ಸೋತಿತ್ತು, ರಕ್ತವನ್ನು ಸರಿಯಾಗಿ ತಳ್ಳುತ್ತಿರಲಿಲ್ಲ. ಇಂಥವರಿಗಾಗಿ ಹೊಸ ಮಾತ್ರೆಯೊಂದರ ಸಂಶೋಧನೆ ನಡೆಯುತ್ತಿದೆ, ಒಪ್ಪಿಗೆಯಿದ್ದರೆ ಬನ್ನಿ ಎಂದು ಇಬ್ಬರಿಗೂ ಫೋನ್ ಬಂತು. ಆರಿಸುವ ಮೊದಲು ಕೆಲವು ಪರೀಕ್ಷೆಗಳಿದ್ದವು. ಅವುಗಳಲ್ಲೊಂದು ಆರು ನಿಮಿಷದ ನಡಿಗೆ. ಆಸ್ಪತ್ರೆಯ ಉದ್ದನೆಯ ವರಾಂಡದಲ್ಲಿ ಆದಷ್ಟು ದೂರ ನಡೆಯಬೇಕು, ನರ್ಸ್ ಅಳೆಯುತ್ತಾಳೆ.

ನಾನು ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ಮೇಸ್ತ್ರಿಯಾಗಿದ್ದು ನಿವೃತ್ತನಾದವನು. ಪ್ರಯೋಗವೆಂದರೆ ನನಗೆ ಗೊತ್ತಿಲ್ಲವೇ? ಹೊಸ ತಳಿ ಹಾಕುವಾಗ ನಮ್ಮ ಸಾಹೇಬರು ಸಮನಾದ, ಮಣ್ಣು ಚೆನ್ನಾಗಿರುವ ತಾಕನ್ನೇ ಆರಿಸುತ್ತಿದ್ದರು. ಚೌಳು ಹಿಡಿದ ತಾಕಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಮನುಷ್ಯರನ್ನೂ ಹಾಗೇ ಆರಿಸುತ್ತಾರೆಂದುಕೊಂಡು ನಾನು ಹೊಸ ಬೂಟು ತಂದೆ, ಫಾರಂ ರಸ್ತೆಯಲ್ಲಿ ದಿನಾ ಬೆಳಿಗ್ಗೆ ನಡಿಗೆಯ ತಾಲೀಮು ಮಾಡಿದೆ. ಪರೀಕ್ಷೆಯ ದಿನ ಹಲ್ಲು ಕಚ್ಚಿಕೊಂಡು ನಡೆದೆ. ಎದೆ ತಿದಿಯಂತೆ ಏರಿಳಿಯುತ್ತಿದ್ದರೂ ನರ್ಸಿಗೆ, “ಏನೂ ಆಯ್ತಿಲ್ಲ ಕಣಮ್ಮ” ಎಂದೆ. ಷಡ್ಡಕ ಅರ್ಧಕ್ಕೇ ಗೋಡೆ ಹಿಡಿದು ನಿಂತುಬಿಟ್ಟ.

ವಾಪಸು ಬರುವ ರೈಲಿನಲ್ಲಿ, ಮಂಡ್ಯದ ಹಿಂದಿನ ಸ್ಟೇಷನ್ ಯಲಿಯೂರು ದಾಟುವವರೆಗೂ ಅವನನ್ನು ಸಮಾಧಾನ ಮಾಡಿದೆ.

“ಬುಡ್ಲಾ, ಇಂಥವೆಲ್ಲ ಎಲ್ರಿಗೂ ಸಿಗಾಕಿಲ್ಲ” ಎಂದೆ. ಹಾಗೆ ಹೇಳುವಾಗ ಎಂಥಾ ಸುಖ.

ಆರಿಸಿದ್ದು ಅವನನ್ನು. ನೀವು ಚೆನ್ನಾಗಿ ನಡೆದಿದ್ದೀರಿ, ಇದು ನಡೆಯಲಾಗದವರಿಗೆ, ನಿಮ್ಮ ಮಾತ್ರೆ ಬಿಡಬೇಡಿ, ತಪಾಸಣೆಗೆ ತಪ್ಪದೆ ಬನ್ನಿ ಎಂದು ನನಗೆ ಫೋನಿನಲ್ಲಿ ಹೇಳಿದರು. ಮಾತ್ರೆ ನುಂಗಿದೆ, ಆದರೆ ಆ ಆಸ್ಪತ್ರೆಯ ಕಡೆ ತಲೆ ಹಾಕಲಿಲ್ಲ. ನನ್ನನ್ನು ಬೇಡವೆಂದವರ ಬಾಗಿಲಿಗೆ ನಾನೇಕೆ ಹೋಗಲಿ?

ಅವನ ದರ್ಬಾರು ಶುರುವಾಯಿತು. ಕರೆದೊಯ್ಯಲು ಮದ್ದೂರಿಗೆ ಕಾರು ಬರುತ್ತಿತ್ತು. ತೂಕದ ಯಂತ್ರ ಕೊಟ್ಟಿದ್ದರು. “ಅಪ್ಪಾಜಿ, ಇವತ್ತು ತೂಕ ಎಷ್ಟು ಬಂತು?” ಎಂದು ನರ್ಸ್ ಫೋನ್ ಮಾಡುತ್ತಿದ್ದಳು. ನನ್ನನ್ನು ಕಟ್ಟಿಕೊಂಡವಳೂ ಅಷ್ಟು ಇಂಪಾಗಿ ವಿಚಾರಿಸಿದ್ದಿಲ್ಲ. ಮಳವಳ್ಳಿಯ ಅತ್ತೆಮನೆಯಲ್ಲಿ ಹಿರಿಯಳಿಯ ನಾನು, ಮೊದಲ ತಟ್ಟೆ ನನ್ನದು. ಈಗ ಅತ್ತೆ, “ಅವ್ರಿಗೆ ಉಪ್ಪು ಆಗಾಕಿಲ್ಲ ಕಣವ್ವ, ಬ್ಯಾರೆ ಮಡಗಿವ್ನಿ, ಮೊದ್ಲು ಅವ್ರಿಗಿಕ್ಕು” ಎಂದು ಮಗಳಿಗೆ ಹೇಳುತ್ತಿದ್ದರು. ಅವನ ಸಪ್ಪೆ ಸಾರಿಗೂ ನನಗೆ ಹೊಟ್ಟೆಕಿಚ್ಚು. ಅವನೆದುರಿಗೆ ಬೇಕೆಂದೇ ಉಪ್ಪಿನಕಾಯಿ ಎರಡೆರಡು ಸಲ ಹಾಕಿಸಿಕೊಳ್ಳುತ್ತಿದ್ದೆ.

ಅರ್ಧ ಜನಕ್ಕೆ ನಿಜವಾದ ಮಾತ್ರೆ, ಇನ್ನರ್ಧಕ್ಕೆ ಹುಸಿ ಮಾತ್ರೆಯಂತೆ. “ನಂದು ಯಾವ್ದು ಅಂತ ಡಾಕ್ಟ್ರಿಗೂ ಗೊತ್ತಿಲ್ವಂತೆ ಕಣಣ್ಣ” ಎಂದು ಅದನ್ನೂ ಬಿರುದಿನಂತೆ ಹೇಳಿಕೊಂಡ. ಹುಸಿಯದೇ ಆಗಿರಲಪ್ಪ ಎಂದು ನಾನು ಮನೆದೇವರನ್ನು ನೆನೆದೆ.

ಆ ಸಲ ಹಿರಿಯರ ಹಬ್ಬಕ್ಕೆ ಮಳವಳ್ಳಿಯಲ್ಲಿ ಎಲ್ಲರೂ ಸೇರಿದ್ದೆವು. ಉಂಡು ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದೆ. ಷಡ್ಡಕ ಪಕ್ಕಕ್ಕೆ ಬಂದವನೇ ನನ್ನ ಮೊಣಕಾಲ ಕೆಳಗೆ ಹೆಬ್ಬೆರಳು ಒತ್ತಿದ. ಬೆರಳು ತೆಗೆದರೂ ಗುಳಿ ಹಾಗೇ ಉಳಿಯಿತು.

“ನೀರು ತುಂಬ್ಕೊಂಡದೆ ಕಣಣ್ಣ. ನನಗೆ ಹಿಂಗೇ ನೋಡ್ಕೋ ಅಂತ ಹೇಳ್ಕೊಟ್ಟವ್ರೆ.”

“ತಗಿಯಲಾ ಕೈಯ. ದೊಡ್ಡ ಡಾಕ್ಟ್ರು ಇವನು.”

ಅವನು ಕೇಳಲಿಲ್ಲ. ನರ್ಸಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ ನನ್ನ ಮುಂದೆ ಹಿಡಿದ. ಅವಳು ನನ್ನನ್ನೂ ಅಪ್ಪಾಜಿ ಎಂದೇ ಕರೆದಳು. ರಾತ್ರಿ ಎಷ್ಟು ದಿಂಬು ಇಟ್ಟುಕೊಂಡು ಮಲಗುತ್ತೀರಿ ಎಂದು ಕೇಳಿದಳು. ಇವಳಿಗೇಕೆ ನನ್ನ ದಿಂಬಿನ ಲೆಕ್ಕ ಎನ್ನಿಸಿ, “ಒಂದು” ಎಂದೆ.

ಒಳಗಿನಿಂದ ನನ್ನ ಹೆಂಡತಿ ಬಂದು ಫೋನಿಗೆ ಬಾಗಿದಳು. “ಮೂರು ಕಣಮ್ಮ. ಕತ್ತು ನೋವು ಅಂತಾರೆ. ಮಲಗಿದ್ರೆ ಉಸ್ರು ಕಟ್ತದೆ, ನಾನು ನೋಡಿವ್ನಿ. ಒಂದೊಂದಿನ ಕೂತ್ಕೊಂಡೇ ಬೆಳಗು ಮಾಡ್ತಾರೆ.”

ನರ್ಸ್, ಈಗಲೇ ಹೊರಡಿ, ನಾಳೆಗೆ ಬಿಡಬೇಡಿ ಎಂದಳು.

ಷಡ್ಡಕ ಊರಿನ ಕಾರೊಂದನ್ನು ಕರೆಸಿ ನನ್ನನ್ನೂ ನನ್ನ ಹೆಂಡತಿಯನ್ನೂ ಮೈಸೂರಿಗೆ ಕರೆತಂದ. ಎದೆಯಲ್ಲೂ ನೀರು ತುಂಬಿದೆ, ಇನ್ನೊಂದೆರಡು ದಿನ ಬಿಟ್ಟಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಹೇಳಿದರು. ಆ ಉಬ್ಬಸದಲ್ಲೂ ನಾನು ಕೇಳಿದ್ದು ಒಂದೇ: “ಈಗ ನಂಗೆ ನಡೆಯಾಕಾಗಲ್ಲ. ಸೇರಿಸ್ಕೊತೀರಾ?” ಸಂಶೋಧನೆಗೆ ಸೇರಿಸಿಕೊಳ್ಳುವುದು ಮುಗಿದಿದೆ, ನಿಮಗೆ ಬೇಕಾದ ಚಿಕಿತ್ಸೆ ಹೇಗೂ ಸಿಗುತ್ತದೆ ಎಂದರು.

ವಾರ್ಡು ಮೇಲಿತ್ತು. ನನ್ನನ್ನು ಗಾಲಿ ಕುರ್ಚಿಯಲ್ಲಿ ಲಿಫ್ಟಿನ ಮುಂದೆ ನಿಲ್ಲಿಸಿದರು. ಲಿಫ್ಟು ಬರಲಿಲ್ಲ. ಷಡ್ಡಕ ನನ್ನ ಬಟ್ಟೆಯ ಚೀಲವನ್ನು ಹೆಗಲಿಗೆ ಹಾಕಿಕೊಂಡು, ನನ್ನ ಹೆಂಡತಿಗೆ ಏನೋ ಧೈರ್ಯ ಹೇಳುತ್ತ ಮೆಟ್ಟಿಲು ಹತ್ತತೊಡಗಿದ. ಅಂದು ಗೋಡೆ ಹಿಡಿದು ನಿಂತಿದ್ದವನು ಈಗ ಎಲ್ಲೂ ನಿಲ್ಲಲಿಲ್ಲ. ಕಣ್ಣಿಗೆ ಮರೆಯಾದ ಮೇಲೂ ಅವನ ಮಾತು ಮೇಲಿನಿಂದ ಕೇಳುತ್ತಲೇ ಇತ್ತು, ಮಧ್ಯೆ ಒಂದು ಏದುಸಿರೂ ಇಲ್ಲ. ಬೈಕು, ಮಹಡಿ, ಕಾರು, ಮೊದಲ ತಟ್ಟೆ, ಯಾವುದಕ್ಕೂ ನನ್ನ ಹೊಟ್ಟೆ ಅವತ್ತಿನಷ್ಟು ಉರಿದಿರಲಿಲ್ಲ.